ಯೆಜ್ಡಿ ಬ್ಲಾಕ್ ಸವೆದಿದೆ ಅಂತಾರೆ: ಬೋರ್ ಮಾಡಿಸಲಾ, ಸ್ಲೀವ್ ಹಾಕಿಸಲಾ?

ನಿಮ್ಮ ರೋಡ್‌ಕಿಂಗ್ ವಿಪರೀತ ಹೊಗೆ ಬಿಡ್ತಿದೆ, ಮೆಕ್ಯಾನಿಕ್ ಬ್ಲಾಕ್ (ಪಿಸ್ಟನ್ ಓಡಾಡೋ ಸಿಲಿಂಡರ್) ಹೋಗಿದೆ ಅಂದಿದ್ದಾರೆ; ಅದನ್ನ ಕೊರೆದು ಅಗಲ ಮಾಡಿಸಲಾ (ಬೋರ್), ಒಳಗೆ ಹೊಸ ಕೊಳವೆ ಕೂರಿಸಲಾ (ಸ್ಲೀವ್) ಅಂತ ಕೇಳಿದ್ದೀರಿ. ಇದೇ ಗಾಡಿ, ಇದೇ ಮಾತು, ನಾನೂ ಕೇಳಿಸಿಕೊಂಡವನೇ.

ನನ್ನದು ಆಗಿನ್ನೂ ಸ್ಟ್ಯಾಂಡರ್ಡ್ ಬೋರ್, ಅಂದರೆ ಒಳವ್ಯಾಸ 65 ಮಿ.ಮೀ. ಹೆಡ್ ಬಿಚ್ಚಿ ಬೋರ್ ಒಳಗೆ ಉಗುರು ಆಡಿಸಿದರೆ ಮೇಲ್ಗಡೆ, ರಿಂಗ್ ಹತ್ತಿ ನಿಲ್ಲೋ ಜಾಗದಲ್ಲಿ, ಮೆಟ್ಟಿಲಿನ ಹಾಗೆ ತಡೆಯುತ್ತಿತ್ತು. ಸವೆದಿದ್ದು ನಿಜ. 50 ಸೈಜ್ (0.50 ಮಿ.ಮೀ. ಓವರ್‌ಸೈಜ್) ಪಿಸ್ಟನ್‌ಗೆ ಹೇಳಿದೆ, ಬರೋಕೆ ತಡ ಅಂದರು. ಅಷ್ಟರಲ್ಲಿ ಆಯುಧಪೂಜೆ ಹತ್ತಿರ ಬಂತು. ಆಮೇಲೆ ಅಂಗಡಿ ಮುಚ್ಚಿರುತ್ತೆ, ಈಗಲೇ ಕೊಡಿ ಅಂದರು ಲೇತ್‌ನವರು. ಪಿಸ್ಟನ್ ಕೈಗೆ ಬರೋ ಮುಂಚೆ ಬ್ಲಾಕ್ ಕೊಟ್ಟುಬಿಟ್ಟೆ. ನನ್ನ ತಪ್ಪು ಅದೊಂದೇ.

ನಾನು ಹೇಳಿದ ಹಾಗೆ ಅವರು 65.50ಕ್ಕೆ ಸರಿಯಾಗಿ ಹೊಡೆದುಕೊಟ್ಟರು. ಆಮೇಲೆ ಬಂದ ಪಿಸ್ಟನ್ ಡಬ್ಬಿ ಮೇಲೂ 50 ಅಂತಲೇ ಇತ್ತು. ಕೈಯಲ್ಲಿ ಒತ್ತಿದರೆ ನುಣ್ಣಗೆ ಇಳೀತು, ಜೋಡಿಸಿದೆವು. ರನ್ನಿಂಗ್-ಇನ್ ಅಂತ, ಹೊಸ ಪಿಸ್ಟನ್ ಪಳಗಲಿ ಅಂತ, ಶ್ರೀರಂಗಪಟ್ಟಣದ ಕಡೆ ನಿಧಾನವಾಗಿಯೇ ಹೋಗ್ತಿದ್ದೆ. ಎಂಜಿನ್ ದನಿ ಇದ್ದಕ್ಕಿದ್ದಂತೆ ಬಿಗಿಯಾಯ್ತು, ಹಿಂದಿನ ಚಕ್ರ ಲಾಕ್. ಕ್ಲಚ್ ಹಿಡಿದಿದ್ದಕ್ಕೆ ಬಚಾವಾದೆ. ಬಿಚ್ಚಿ ನೋಡಿದರೆ ಸೈಲೆನ್ಸರ್ ಕಡೆಯ ಗೋಡೆಗೆ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು, ರಿಂಗ್ ಪಿಸ್ಟನ್ನಿನ ತೋಡಿನೊಳಗೇ ಕಚ್ಚಿಕೊಂಡಿತ್ತು. ಆಗ ಮೈಕ್ರೋಮೀಟರ್ ಹಿಡಿದು ಸ್ಕರ್ಟ್ (ಪಿಸ್ಟನ್ನಿನ ಕೆಳಭಾಗ) ಅಳೆದರೆ 65.49! ಬೋರ್‌ಗೂ ಪಿಸ್ಟನ್‌ಗೂ ನಡುವೆ ಒಂದೇ ಒಂದು ಪಾಯಿಂಟ್, ಅಂದರೆ 0.01 ಮಿ.ಮೀ.

ತಣ್ಣಗಿದ್ದಾಗ ಅಷ್ಟು ಜಾಗದಲ್ಲೂ ಪಿಸ್ಟನ್ ಸಲೀಸಾಗಿ ಜಾರುತ್ತೆ, ಮೋಸ ಹೋಗೋದು ಅಲ್ಲೇ. 65 ಮಿ.ಮೀ. ಅಲ್ಯೂಮಿನಿಯಂ ಪಿಸ್ಟನ್ ನೂರು ಡಿಗ್ರಿ ಬಿಸಿಯಾದರೆ 0.13ರ ಆಸುಪಾಸು ಹಿಗ್ಗುತ್ತೆ, ಎರಕದ ಕಬ್ಬಿಣದ ಬ್ಲಾಕ್ ಅದರ ಅರ್ಧದಷ್ಟು ಮಾತ್ರ. ಸಾಲದ್ದಕ್ಕೆ ಬ್ಲಾಕಿಗಿಂತ ಪಿಸ್ಟನ್ನೇ ಹೆಚ್ಚು ಕಾಯೋದು. ಪಿಸ್ಟನ್ ಮೇಲಿಂದ ಕೆಳಗೆ ಒಂದೇ ದಪ್ಪವೂ ಇರಲ್ಲ. ತಲೆ ಸಣ್ಣ, ಸ್ಕರ್ಟ್ ದೊಡ್ಡದು. ಅಳತೆ ತೆಗೆಯೋದು ಸ್ಕರ್ಟ್‌ನಲ್ಲಿ, ಪಿನ್ ಇರೋ ದಿಕ್ಕಿಗೆ ಅಡ್ಡಲಾಗಿ. ಆ ಅಳತೆಗೆ ಪಿಸ್ಟನ್ ಮಾಡಿದವರು ಹೇಳೋ ಕ್ಲಿಯರೆನ್ಸ್ (ನಡುವೆ ಬಿಡೋ ಜಾಗ) ಕೂಡಿಸಿ ಬೋರ್ ಹೊಡೆಸಬೇಕು. ಡಬ್ಬಿ ಮೇಲಿನ ನಂಬರ್ ನೋಡಿಕೊಂಡು ಹೊಡೆಸೋದಲ್ಲ. ಗೀರು ಆಳವಾಗಿದ್ದರಿಂದ 75 ಸೈಜಿಗೂ ಗೋಡೆ ಶುದ್ಧವಾಗಲಿಲ್ಲ, ನೇರ ನೂರಕ್ಕೆ ಹೋಗಬೇಕಾಯ್ತು. ಇನ್ನೂ ಎಷ್ಟೋ ವರ್ಷ ಬರಬೇಕಿದ್ದ ಕಬ್ಬಿಣ ಅದು. ಯೆಜ್ಡಿ ಮಾಡ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ನಿಂತುಹೋಗಿದೆ, ಅಲ್ಲಿಂದ ಹೊಸ ಬ್ಲಾಕ್ ಇನ್ನು ಬರಲ್ಲ.

ಸ್ಲೀವ್ ವಿಷಯ. ಓವರ್‌ಸೈಜ್ ಉಳಿದಿರೋವರೆಗೂ ಬೇಡ. ನಿಮ್ಮ ಬ್ಲಾಕ್ ಪೂರ್ತಿ ಕಬ್ಬಿಣದ್ದು, ಬೋರ್ ತಾಳುತ್ತೆ. ಟೂ-ಸ್ಟ್ರೋಕ್ ಸ್ಲೀವ್‌ಗೆ ಪೋರ್ಟ್‌ಗಳ (ಪೆಟ್ರೋಲ್-ಗಾಳಿ ಒಳಗೆ ಬರೋ, ಹೊಗೆ ಹೊರಗೆ ಹೋಗೋ ದಾರಿ) ಕಿಟಕಿ ಕೊರೆಯಬೇಕು; ಎತ್ತರ ಒಂದು ಮಿ.ಮೀ. ತಪ್ಪಿದರೂ ಗಾಡಿಯ ಗುಣವೇ ಬದಲಾಗುತ್ತೆ. ಸ್ಲೀವ್ ಬ್ಲಾಕಿಗೆ ಬಿಗಿಯಾಗಿ ಕೂರದಿದ್ದರೆ ಬಿಸಿ ಹೊರಗೆ ಹೋಗಲ್ಲ. ಬೋರ್ ಆದಮೇಲೆ ಹೋನಿಂಗ್ (ಗೋಡೆಯನ್ನ ಕಲ್ಲಿನಿಂದ ಉಜ್ಜೋದು) ಮಾಡಿಸಿ, ಪೋರ್ಟ್ ಅಂಚುಗಳ ಚೂಪು ತೆಗೆಸಿ. ಇಲ್ಲದಿದ್ದರೆ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತೆ.

ಆದರೆ ನೀವು ಕೇಳಿರೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಪೆಟ್ರೋಲ್ ಜೊತೆ ಆಯಿಲ್ ಸುಡೋ ಗಾಡಿಯಲ್ಲಿ ಹೊಗೆ ನೋಡಿ ಬ್ಲಾಕ್ ಸವೆದಿದೆ ಅನ್ನೋಕಾಗಲ್ಲ. ಬ್ಲಾಕ್ ಹೋದರೆ ಕಿಕ್ ಹಗುರಾಗುತ್ತೆ, ಏರಿನಲ್ಲಿ ಎಳೆಯಲ್ಲ, ಪಿಸ್ಟನ್ ಕಟಕಟ ಅನ್ನುತ್ತೆ. ದಟ್ಟ ಬಿಳಿ ಹೊಗೆ ನಿಲ್ಲದೆ ಬರ್ತಿದ್ದರೆ ಮೊದಲು ಗೇರ್ ಆಯಿಲ್ ಮಟ್ಟ ನೋಡಿ. ಕಡಿಮೆಯಾಗ್ತಾ ಇದ್ದರೆ ಪ್ರೈಮರಿ ಚೈನ್ ಕಡೆಯ ಕ್ರ್ಯಾಂಕ್ ಸೀಲ್ (ಗೇರ್ ಆಯಿಲ್ ಎಂಜಿನ್ನಿಗೆ ಹೋಗದಂತೆ ತಡೆಯೋದು) ಹೋಗಿ, ಆ ಆಯಿಲ್ಲನ್ನೇ ಎಂಜಿನ್ ಎಳೆದುಕೊಂಡು ಸುಡ್ತಿರುತ್ತೆ. ಹಾಗಿದ್ದರೆ ಸೀಲ್ ಬದಲಾಯಿಸಿ. ಬ್ಲಾಕ್ ಬಗ್ಗೆ ಆಮೇಲೂ ಅನುಮಾನ ಉಳಿದರೆ ಬೋರ್ ಗೇಜ್‌ನಲ್ಲಿ ಮೇಲೆ, ನಡುವೆ, ಕೆಳಗೆ, ಎರಡೂ ದಿಕ್ಕಿನಲ್ಲಿ ಅಳತೆ ತೆಗೆಸಿ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.