ಇಂಗ್ಲೆಂಡ್‌ನಲ್ಲಿ ಮನೆ ಹಿಂದೆ ರೂಮು ಕಟ್ಟೋಕೆ ಪ್ಲ್ಯಾನಿಂಗ್ ಪರ್ಮಿಷನ್ ಬೇಕಾ?

ಇಂಗ್ಲೆಂಡ್‌ನಲ್ಲಿ ಸೆಮಿ ಡಿಟ್ಯಾಚ್ಡ್ ಮನೆ (ಒಂದು ಕಡೆಯ ಗೋಡೆ ಪಕ್ಕದ ಮನೆಗೆ ಅಂಟಿಕೊಂಡದ್ದು) ಕೊಂಡಿದ್ದೀರಿ. ಅಪ್ಪ ಅಮ್ಮ ಬಂದಾಗ ಇರೋಕೆ ಹಿಂದುಗಡೆ ಒಂದು ರೂಮು ಬೇಕು, ಅಡುಗೆಮನೆಯೂ ದೊಡ್ಡದಾಗಬೇಕು. ಬಿಲ್ಡರ್ "ಮೂರು ಮೀಟರ್ ಒಳಗಿದ್ದರೆ ಪರ್ಮಿಷನ್ ಬೇಡ" ಅಂದಿದ್ದಾನೆ, ನಂಬಬಹುದಾ ಅಂತ ಕೇಳಿದ್ದೀರಿ.

ನಮಗೂ ಇದೇ ಮಾತು ಹೇಳಿದ್ದರು. ಮಾತೇನೋ ಸುಳ್ಳಲ್ಲ. ಆದರೆ ಆ ಮೂರು ಮೀಟರ್ ಎಲ್ಲಿಂದ ಅಳೆಯಬೇಕು ಅನ್ನೋದನ್ನು ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಇಲ್ಲಿ ಸಣ್ಣಪುಟ್ಟ ಕಟ್ಟಡ ಕೆಲಸಕ್ಕೆ ಸರ್ಕಾರವೇ ಮೊದಲೇ ಅನುಮತಿ ಕೊಟ್ಟುಬಿಟ್ಟಿದೆ. ಅದಕ್ಕೆ ಪರ್ಮಿಟೆಡ್ ಡೆವಲಪ್‌ಮೆಂಟ್ ಅನ್ನುತ್ತಾರೆ. ಸೆಮಿ ಅಥವಾ ಸಾಲುಮನೆಯಾದರೆ ಹಿಂದಕ್ಕೆ 3 ಮೀಟರ್, ಒಂಟಿ ಮನೆಯಾದರೆ 4 ಮೀಟರ್, ಒಂದೇ ಅಂತಸ್ತು. ಎತ್ತರ 4 ಮೀಟರ್ ದಾಟಬಾರದು. ಬೇಲಿಯಿಂದ 2 ಮೀಟರ್ ಒಳಗೆ ಕಟ್ಟಿದರೆ ಸೂರಿನ ಅಂಚು, ಅಂದರೆ ಗೋಡೆ ಮೇಲೆ ಮಾಡು ಶುರುವಾಗೋ ಮಟ್ಟ, 3 ಮೀಟರ್ ಎತ್ತರ ಮೀರಬಾರದು. ಮನೆಯ ಸುತ್ತಲಿನ ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಕಟ್ಟಡ ತುಂಬಬಾರದು, ಹಿತ್ತಿಲಿನ ಶೆಡ್ಡೂ ಈ ಲೆಕ್ಕಕ್ಕೆ ಬರುತ್ತದೆ. ಇಟ್ಟಿಗೆ, ಹೆಂಚು ನೋಡೋಕೆ ಹಳೆಯ ಮನೆಯ ಹಾಗೇ ಇರಬೇಕು.

ಈ ಅಳತೆಗಳೆಲ್ಲ 'ಮೂಲ ಮನೆ'ಯಿಂದ ಶುರುವಾಗುತ್ತವೆ. ಮೂಲ ಮನೆ ಅಂದರೆ ಮೊದಲು ಕಟ್ಟಿದಾಗ ಇದ್ದ ಮನೆ. 1948ರ ಜುಲೈ 1ಕ್ಕಿಂತ ಮೊದಲೇ ಕಟ್ಟಿದ್ದಾದರೆ ಆ ದಿನ ಇದ್ದ ಹಾಗೆ. ನೀವು ಕೊಂಡಾಗ ಇದ್ದ ಮನೆ ಅಲ್ಲ!

ನಮ್ಮ ಮನೆಯ ಅಡುಗೆಮನೆ ಹಿಂದಿನ ಮಾಲೀಕರು ಯಾವಾಗಲೋ ಒಂದೂವರೆ ಮೀಟರ್ ಹೊರಗೆ ಎಳೆದಿದ್ದ ಭಾಗ. ನಾವು ಅದರ ಗೋಡೆಯಿಂದ 3 ಮೀಟರ್ ಅಳೆದೆವು. ಕಾನೂನಿನ ಲೆಕ್ಕದಲ್ಲಿ ಅದು ನಾಲ್ಕೂವರೆ. 2022ರಲ್ಲಿ ಪಾಯ ತೋಡಿದ ಎರಡನೇ ವಾರಕ್ಕೆ ಕೌನ್ಸಿಲ್‌ನಿಂದ (ಇಲ್ಲಿನ ಸ್ಥಳೀಯ ಆಡಳಿತ) ಕಾಗದ ಬಂತು. ಕೆಲಸ ನಿಂತಿತು. ಹಿತ್ತಿಲ ಗುಂಡಿಯಲ್ಲಿ ಚಳಿಗಾಲದ ಮಳೆನೀರು ನಿಂತುಕೊಂಡಿತು. ಆಗ ಅತ್ತೆ ಊರಿಂದ ಬಂದಿದ್ದರು. ಇಡೀ ಮೂರು ತಿಂಗಳು ಹಾಲ್‌ನ ಮೂಲೆಯಲ್ಲಿ ಇಂಡಕ್ಷನ್ ಒಲೆ ಇಟ್ಟುಕೊಂಡು ಅಡುಗೆ ಮಾಡಿದರು ಪಾಪ. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಇನ್ನೂ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ನಮಗೆ ಸುಲಭದ ದಾರಿ ಇತ್ತು. ಸೆಮಿ ಮನೆಗೆ 6 ಮೀಟರ್ ತನಕ, ಒಂಟಿ ಮನೆಗೆ 8 ಮೀಟರ್ ತನಕ 'ಪ್ರಯರ್ ಅಪ್ರೂವಲ್', ಅಂದರೆ ಕೌನ್ಸಿಲ್‌ನ ಮುಂಚಿತ ಒಪ್ಪಿಗೆ, ಕೇಳಬಹುದು. ಕೌನ್ಸಿಲ್ ಅಕ್ಕಪಕ್ಕದವರಿಗೆ ತಿಳಿಸಿ, 42 ದಿನದಲ್ಲಿ ಉತ್ತರ ಕೊಡಬೇಕು. ಆದರೆ ಗುದ್ದಲಿ ಹಾಕೋ ಮೊದಲೇ ಕೇಳಬೇಕು. ಕೆಲಸ ಶುರುವಾದ ಮೇಲೆ ಆ ಬಾಗಿಲು ಮುಚ್ಚಿತು. ಪೂರ್ತಿ ಪ್ಲ್ಯಾನಿಂಗ್ ಅರ್ಜಿಯನ್ನೇ ಹಾಕಬೇಕಾಯಿತು.

ಅದಕ್ಕೇ ಹೇಳುತ್ತೇನೆ, ಬಿಲ್ಡರ್ ಹತ್ತಿರ ರೇಟು ಕೇಳೋ ಮೊದಲು ಕೌನ್ಸಿಲ್ ವೆಬ್‌ಸೈಟ್‌ನಲ್ಲಿ ನಿಮ್ಮ ವಿಳಾಸ ಹಾಕಿ ಹಳೆಯ ಅರ್ಜಿಗಳನ್ನು ಹುಡುಕಿ. ಹಿಂದಿನ ಗೋಡೆಯ ಇಟ್ಟಿಗೆ ಬಣ್ಣ ಮಧ್ಯದಲ್ಲಿ ಬದಲಾಗಿದೆಯಾ ನೋಡಿ. ಸಾಲಿನಲ್ಲಿರುವ ಬೇರೆ ಮನೆಗಳ ಹಿಂಭಾಗ ಎಲ್ಲಿಗೆ ನಿಂತಿದೆ ನೋಡಿ. ಕೆಲವು ಹೊಸ ಬಡಾವಣೆಗಳಲ್ಲಿ ಮೂಲ ಪರ್ಮಿಷನ್ ಕೊಡುವಾಗಲೇ ಪರ್ಮಿಟೆಡ್ ಡೆವಲಪ್‌ಮೆಂಟ್ ಹಕ್ಕನ್ನು ಷರತ್ತು ಹಾಕಿ ತೆಗೆದಿರುತ್ತಾರೆ. ಕನ್ಸರ್ವೇಷನ್ ಏರಿಯಾದಲ್ಲಿ (ಹಳೆಯ ಚೆಹರೆ ಉಳಿಸೋಕೆ ಗುರುತಿಸಿದ ಪ್ರದೇಶ) ನಿಯಮ ಬಿಗಿ. ಫ್ಲ್ಯಾಟ್‌ಗಳಿಗಂತೂ ಈ ಹಕ್ಕೇ ಇಲ್ಲ. ನಾನು ಹೇಳುತ್ತಿರೋದೆಲ್ಲ ಇಂಗ್ಲೆಂಡ್ ಮಾತು, ವೇಲ್ಸ್, ಸ್ಕಾಟ್ಲೆಂಡ್ ನಿಯಮ ಬೇರೆ.

ಅರ್ಜಿಯೇ ಬೇಕು ಅಂತಾದರೆ ಅದು ಅಷ್ಟೇನೂ ಕಷ್ಟ ಅಲ್ಲ. ಪ್ಲ್ಯಾನಿಂಗ್ ಪೋರ್ಟಲ್‌ನಲ್ಲಿ ಆನ್‌ಲೈನ್‌ನಲ್ಲೇ ಹಾಕಬಹುದು. 1:1250 ಅಳತೆಯ ನಕ್ಷೆಯಲ್ಲಿ ನಿಮ್ಮ ಜಾಗದ ಸುತ್ತ ಕೆಂಪು ಗೆರೆ ಇರಬೇಕು. ಈಗಿರುವ ಮನೆ, ಮುಂದೆ ಆಗುವ ಮನೆ ಎರಡರ ಚಿತ್ರಗಳೂ ಬೇಕು. ನಮ್ಮದು ಒಮ್ಮೆ ವಾಪಸ್ ಬಂತು, ಒಂದು ನಕ್ಷೆಯಲ್ಲಿ ಉತ್ತರ ದಿಕ್ಕಿನ ಬಾಣ ಇರಲಿಲ್ಲ ಅಂತ. ಎಲ್ಲ ಸರಿ ಇದೆ ಅಂತ ಅವರು ಒಪ್ಪಿಕೊಂಡ ದಿನದಿಂದ 8 ವಾರ ಲೆಕ್ಕ. ಆಗ ಶುಲ್ಕ 206 ಪೌಂಡ್ ಇತ್ತು. 2025ರ ಏಪ್ರಿಲ್ 1ರಿಂದ 528 ಆಯಿತು. ಹಾಕುವ ದಿನ ಮತ್ತೊಮ್ಮೆ ನೋಡಿಕೊಳ್ಳಿ.

ಪಕ್ಕದ ಮನೆಯವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ವಯಸ್ಸಾದ ಒಬ್ಬರೇ ಇದ್ದಾರೆ. ಕೌನ್ಸಿಲ್‌ಗೆ ಬರೆದವರು ಅವರೇ. ಮೊದಲು ನನಗೆ ಕೋಪ ಬಂತು. ಆಮೇಲೆ ಹೆಂಡತಿ ಹೋಗಿ ಮಾತಾಡಿಸಿದಳು. ಅವರನ್ನು ಟೀಗೆ ಕರೆದು ನಕ್ಷೆ ತೋರಿಸಿದೆವು. ಅವರ ಚಿಂತೆ ಒಂದೇ, ಅಡುಗೆಮನೆಯ ಕಿಟಕಿಗೆ ಬೆಳಕು ಹೋಗುತ್ತದೆ ಅಂತ. ನ್ಯಾಯವಾದ ಮಾತೇ ಅಲ್ವಾ? ಇಲ್ಲಿನ ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಕೌನ್ಸಿಲ್ ಕೂಡ ನೋಡೋದು ಇದನ್ನೇ. ಬೆಳಕು ತಡೆಯುತ್ತದಾ, ಇನ್ನೊಬ್ಬರ ಮನೆಯೊಳಗೆ ಇಣುಕುತ್ತದಾ ಅನ್ನೋದು ಲೆಕ್ಕಕ್ಕೆ ಬರುತ್ತದೆ. ಮನೆ ಬೆಲೆ ಇಳಿಯುತ್ತದೆ ಅನ್ನೋ ತಕರಾರು ಬರಲ್ಲ. ನಾವು ಅರ್ಧ ಮೀಟರ್ ಹಿಂದೆ ಸರಿದು, ಅವರ ಕಡೆ ಸೂರು ತಗ್ಗಿಸಿ ಅರ್ಜಿ ಹಾಕಿದೆವು. ಅವರು ಆಕ್ಷೇಪ ಬರೆಯಲಿಲ್ಲ. ಪರ್ಮಿಷನ್ ಸಿಕ್ಕಿತು.

ಪ್ಲ್ಯಾನಿಂಗ್ ಬೇಡ ಅಂತಾದರೂ ಎರಡು ಕೆಲಸ ತಪ್ಪಲ್ಲ. ಒಂದು ಬಿಲ್ಡಿಂಗ್ ರೆಗ್ಯುಲೇಷನ್ಸ್, ಅಂದರೆ ಕಟ್ಟಡ ಭದ್ರವಾಗಿ, ಸುರಕ್ಷಿತವಾಗಿ ಇರಬೇಕು ಅನ್ನೋ ನಿಯಮಗಳು. ಪಾಯಕ್ಕೆ ಕಾಂಕ್ರೀಟ್ ಸುರಿಯೋ ಮೊದಲೇ ಇನ್‌ಸ್ಪೆಕ್ಟರ್ ಬಂದು ನೋಡಬೇಕು, ಕೊನೆಗೆ ಕಂಪ್ಲೀಷನ್ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಇನ್ನೊಂದು 1996ರ ಪಾರ್ಟಿ ವಾಲ್ ಕಾಯ್ದೆ, ಪಕ್ಕದವರ ಗೋಡೆ, ಪಾಯಕ್ಕೆ ಸಂಬಂಧಿಸಿದ್ದು. ಪಕ್ಕದ ಕಟ್ಟಡದಿಂದ 3 ಮೀಟರ್ ಒಳಗೆ, ಅವರ ಪಾಯಕ್ಕಿಂತ ಆಳ ತೋಡುವುದಾದರೆ ಒಂದು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ಇಬ್ಬರಿಗೂ ಸೇರಿದ ಗೋಡೆಗೇ ಕೈ ಹಾಕುವುದಾದರೆ ಎರಡು ತಿಂಗಳು. ಆ ನೋಟಿಸನ್ನು ಸುಮ್ನೆ ಲೆಟರ್‌ಬಾಕ್ಸ್‌ಗೆ ತುರುಕಬೇಡಿ. ಕೈಯಲ್ಲಿ ಹಿಡಿದುಕೊಂಡು ಹೋಗಿ ಮಾತಾಡಿ ಕೊಡಿ.

ನಿಮ್ಮದು ನಿಜವಾಗಿಯೂ 3 ಮೀಟರ್ ಒಳಗೇ ಬಂದರೂ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್ ತೆಗೆದುಕೊಳ್ಳಿ ಅನ್ನುತ್ತೇನೆ. ಈ ಕಟ್ಟಡ ಕಾನೂನು ಪ್ರಕಾರವೇ ಇದೆ ಅಂತ ಕೌನ್ಸಿಲ್ ಬರೆದುಕೊಡುವ ಕಾಗದ ಅದು. ಕಡ್ಡಾಯ ಅಲ್ಲ. ಕಟ್ಟುವ ಮೊದಲೇ ಕೇಳಿದರೆ ಪ್ಲ್ಯಾನಿಂಗ್ ಶುಲ್ಕದ ಅರ್ಧ ಸಾಕು. ನಾಳೆ ಮನೆ ಮಾರುವಾಗ ಕೊಳ್ಳುವವರ ಸಾಲಿಸಿಟರ್ ಮೊದಲು ಕೇಳೋದು ಈ ಕಾಗದಗಳನ್ನೇ. ಮೊದಲೆಲ್ಲ ಅನುಮತಿ ಇಲ್ಲದೆ ಕಟ್ಟಿ ನಾಲ್ಕು ವರ್ಷ ಕಳೆದರೆ ಕೌನ್ಸಿಲ್ ಏನೂ ಮಾಡೋ ಹಾಗಿರಲಿಲ್ಲ. 2024ರ ಏಪ್ರಿಲ್ 25ರ ನಂತರ ಮುಗಿದ ಕಟ್ಟಡಕ್ಕೆ ಆ ಅವಧಿ ಹತ್ತು ವರ್ಷ. ಹಳೆಯ ಮಾತು ನಂಬಿಕೊಂಡು ಧೈರ್ಯ ಹೇಳುವವರು ಇನ್ನೂ ಇದ್ದಾರೆ, ಅವರ ಮಾತು ಕೇಳಬೇಡಿ.

ನಿಮ್ಮ ಹಿಂದಿನ ಗೋಡೆ ಮೂಲದ್ದೇನಾ ಅಂತ ಈ ವಾರ ಹುಡುಕಿ ನೋಡಿ. ಹಳೆಯ ನಕ್ಷೆ ಸಿಕ್ಕಿ ಅರ್ಥ ಆಗದಿದ್ದರೆ ಅಳತೆಗಳನ್ನು ಇಲ್ಲೇ ಬರೆಯಿರಿ, ಕೂತು ಲೆಕ್ಕ ಹಾಕಿ ಹೇಳುತ್ತೇನೆ.