ಗಾಡಿ ಎತ್ತರಿಸಿದ ಮೇಲೆ 'ಠಪ್' ಸದ್ದೇಕೆ?

ಪ್ರಶ್ನೆ: ನಮ್ಮ ಹಳೆಯ ಸುಮೋ ಮುಂದೆ ತಗ್ಗಿತ್ತು. ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಭಾರ ಹೊರುವ ಉಕ್ಕಿನ ಸರಳು) ಬೋಲ್ಟ್ ಬಿಗಿ ಮಾಡಿಸಿ 40 ಮಿ.ಮೀ. ಎತ್ತಿಸಿದೆವು. ಈಗ ಹಂಪ್ ಇಳಿಯುವಾಗ 'ಠಪ್' ಎನ್ನುತ್ತದೆ, ಕುಲುಕಾಟವೂ ಜಾಸ್ತಿ. ಬಾರ್ ಗಟ್ಟಿಯಾಗಿಬಿಟ್ಟಿತೇ?

ಉತ್ತರ: ಇಲ್ಲ. ಬಾರಿನ ಗಡಸು ಅದರ ಉಕ್ಕು, ದಪ್ಪ, ಉದ್ದದಿಂದ ಬರುವಂಥದ್ದು, ಬೋಲ್ಟ್ ತಿರುಗಿಸಿದರೆ ಬದಲಾಗದು. ಬದಲಾಗಿರುವುದು ಚಕ್ರ ನಿಲ್ಲುವ ಜಾಗ. ಮೇಲಿನ, ಕೆಳಗಿನ ಸ್ಟಾಪ್ ರಬ್ಬರುಗಳ ನಡುವೆ ಚಕ್ರ ಓಡಾಡುವ ಅಂತರ ಎಷ್ಟೋ ಅಷ್ಟೇ. ಲೆಕ್ಕಕ್ಕೆ 160 ಮಿ.ಮೀ. ಎನ್ನಿ: ಮೇಲಕ್ಕೆ 80, ಕೆಳಕ್ಕೆ 80. ನೀವು 40 ಎತ್ತಿಸಿದಾಗ ಮೇಲಕ್ಕೆ 120 ಆಯಿತು, ಕೆಳಕ್ಕೆ 40 ಮಾತ್ರ ಉಳಿಯಿತು. ಹಂಪ್ ಇಳಿಯುವಾಗ ಚಕ್ರ ಇಳಿದು ನೆಲ ಹಿಡಿಯಬೇಕು. ಆ 40 ಮುಗಿದೊಡನೆ ಚಕ್ರವನ್ನು ಹಿಡಿದಿರುವ ತೋಳು ರಿಬೌಂಡ್ ರಬ್ಬರಿಗೆ (ಚಕ್ರದ ಇಳಿತ ತಡೆಯುವ ಸ್ಟಾಪ್ ರಬ್ಬರು) ಬಡಿಯುತ್ತದೆ, ಅದೇ ನಿಮ್ಮ 'ಠಪ್'. ಸಮನೆಲದಲ್ಲಿ ನಿಲ್ಲಿಸಿ ಬಗ್ಗಿ ನೋಡಿ: ಆ ರಬ್ಬರಿಗೂ ತೋಳಿಗೂ ನಡುವೆ ಬೆರಳು ತೂರದಿದ್ದರೆ, ರಬ್ಬರ್ ಹೊಸದಾಗಿ ಉಜ್ಜಿ ಹೊಳೆಯುತ್ತಿದ್ದರೆ ಅನುಮಾನವೇ ಬೇಡ.

ಮ್ಯಾನುಯಲ್ ಹೇಳುವ ಎತ್ತರಕ್ಕೇ ಇಳಿಸಿ. ಟೈರುಗಳಿಗೆ ಸರಿಯಾದ ಗಾಳಿ ತುಂಬಿಸಿ, ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆದು ಬರೆದಿಡಿ. ಜಾಕ್ ಕೊಟ್ಟು, ಚಾಸಿಸ್‌ ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರ ತೂಗಾಡುವಾಗಲೇ ಬೋಲ್ಟ್ ತಿರುಗಿಸಬೇಕು. ಭಾರ ಹೊತ್ತಿರುವಾಗ ತಿರುಗಿಸಿದರೆ ಥ್ರೆಡ್ ಹಾಳಾಗುತ್ತದೆ. ಒಮ್ಮೆಗೆ ಎರಡು ಸುತ್ತು ಸಾಕು. ಕೆಳಗಿಳಿಸಿದ ಕೂಡಲೇ ಅಳೆಯಬೇಡಿ. ಟೈರು ಒಳಕ್ಕೆ ಎಳೆದುಕೊಂಡು ನಿಂತಿರುತ್ತದೆ, ಅಳತೆ ಸುಳ್ಳು ಹೇಳುತ್ತದೆ. ನಾಲ್ಕು ಮಾರು ಹಿಂದೆ ಮುಂದೆ ಓಡಿಸಿ, ಬಾನೆಟ್ ಒತ್ತಿ ಕುಣಿಸಿ, ಆಮೇಲೆ ಟೇಪ್ ಹಿಡಿಯಿರಿ. ಎಡ ಬಲದ ವ್ಯತ್ಯಾಸ 5 ಮಿ.ಮೀ. ಮೀರದಿರಲಿ.

ತೋಳಿನ ಕೀಲಿನಲ್ಲಿರುವ ಬುಷ್ ರಬ್ಬರಿನದಾದರೆ, ಚಕ್ರ ನೆಲದ ಮೇಲಿರುವಾಗ ಅದರ ನಟ್ ಸಡಿಲಿಸಿ ಮತ್ತೆ ಬಿಗಿಯಿರಿ. ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಗೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಸೆಟ್ಟಿಂಗ್ ಮಾಡಿಸಿ. ಎತ್ತರ ಬದಲಾದರೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ), ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಎರಡೂ ಜರುಗುತ್ತವೆ. ಬಿಟ್ಟರೆ ಟೈರಿನ ಅಂಚು ತಿಂದುಹೋಗುತ್ತದೆ. ಸರಿ ಎತ್ತರದಲ್ಲೂ ಕುಲುಕಾಟ ನಿಲ್ಲದಿದ್ದರೆ ಶಾಕ್ ಅಬ್ಸಾರ್ಬರ್ ಜೋಡಿ ಬದಲಿಸಿ.

ಪ್ರಶ್ನೆ: ಕಾರಿನ ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಹಾಕಿಸಬಹುದೇ?

ಉತ್ತರ: ಬೇಡ ಎನ್ನುತ್ತೇವೆ. ಇಲ್ಲಿ ಸ್ಪ್ರಿಂಗ್ ನಿಜಕ್ಕೂ ಗಟ್ಟಿಯಾಗುತ್ತದೆ. ರಬ್ಬರ್ ಸಿಕ್ಕಿಸಿದ ಸುತ್ತು ಹೆಚ್ಚುಕಡಿಮೆ ಕೆಲಸ ನಿಲ್ಲಿಸುವುದರಿಂದ ಉಳಿದ ಸುತ್ತುಗಳೇ ಅಷ್ಟೂ ಬಾಗಬೇಕು. ಮಣಿಯುವ ಅಂತರ ಕಡಿಮೆಯಾಗಿ ಸಣ್ಣ ಗುಂಡಿಯೂ ಸೊಂಟಕ್ಕೆ ತಾಗುತ್ತದೆ. ಸ್ಪ್ರಿಂಗ್ ಕುಸಿದಿದ್ದರೆ ಅದೇ ಮಾಡೆಲ್‌ನ ಹೊಸ ಜೋಡಿ ಹಾಕಿಸಿ, ಒಂದೇ ಕಡೆ ಮಾತ್ರ ಬದಲಿಸಬೇಡಿ.