ಯಾವ ಜಾರ್ಜ್? ಯಾವ ವರ್ಷ?

ಪ್ರಶ್ನೆ: ಬೈಜಾಂಟೈನ್ (ಪೂರ್ವ ರೋಮನ್ ಸಾಮ್ರಾಜ್ಯದ) ಕಾಲದ ಸೀಸದ ಮುದ್ರೆ ಓದಿ, ಅದು ಯಾವ ಸುಂಕದ ಅಧಿಕಾರಿಯದು ಅಂತ ಹೇಳುತ್ತಾರಂತೆ. ಜಾರ್ಜ್ ಅನ್ನುವವರು ಆಗ ಎಷ್ಟು ಜನ ಇದ್ದರೋ! ಇವನೇ ಅವನು ಅಂತ ಹೇಗೆ ಗೊತ್ತಾಗುತ್ತದೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಬರೀ ಹೆಸರಿನಿಂದ ಗೊತ್ತಾಗುವುದಿಲ್ಲ. ಆದರೆ 7ನೇ ಶತಮಾನದ ಕೊನೆಯ ಈ ಮುದ್ರೆಗಳು ಬಾಯಿಬಡುಕ ಮುದ್ರೆಗಳು. ಒಂದು ಕಡೆ ಚಕ್ರವರ್ತಿಯ ಚಿತ್ರ. ಗ್ರೀಕ್ ಬರಹದಲ್ಲಿ ಅಧಿಕಾರಿಯ ಹೆಸರು, ಗೌರವ ಪದವಿ, ‘ಗೆನಿಕೋಸ್ ಕೊಮ್ಮೆರ್ಕಿಯಾರಿಯೋಸ್’ ಎಂಬ ಹುದ್ದೆ (ನೀವು ಹೇಳಿದ ಸುಂಕದ ಅಧಿಕಾರಿ ಇವನೇ), ಯಾವ ಪ್ರಾಂತ್ಯದ ‘ಅಪೊಥೆಕೆ’ ಅಂದರೆ ಉಗ್ರಾಣ ಅನ್ನುವುದು. ಜೊತೆಗೆ ವರ್ಷ.

ತಲೆನೋವು ಇರುವುದು ಆ ವರ್ಷದಲ್ಲೇ. ನಮ್ಮ ಪ್ರಭವ, ವಿಭವ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತವಲ್ಲ, ಅವರ ‘ಇಂಡಿಕ್ಷನ್’ ಎಂಬ ವರ್ಷದ ಎಣಿಕೆ 15 ವರ್ಷಕ್ಕೇ ತಿರುಗಿ ಬರುತ್ತದೆ. ಎಷ್ಟನೇ ಸುತ್ತು ಅಂತ ಬರೆಯುವ ಪದ್ಧತಿ ಇಲ್ಲ.

ನೀವು ಜಾರ್ಜ್ ಅಂದದ್ದು ಒಳ್ಳೆಯದಾಯಿತು. ಏಷ್ಯಾ ಮೈನರಿನ (ಈಗಿನ ಟರ್ಕಿ) ಬಿಥೀನಿಯಾ ಪ್ರಾಂತ್ಯದ ಹೆಸರಿರುವ ಒಂದು ಮುದ್ರೆಯಲ್ಲಿ ಪೂರ್ವ ಯುರೋಪಿನ ಸ್ಲಾವ್ ಜನರ ಮಾತಿದೆ, 8ನೇ ಇಂಡಿಕ್ಷನ್, ಅಂದರೆ ಸುತ್ತಿನ 8ನೇ ವರ್ಷ. ರಷ್ಯಾದ ವಿದ್ವಾಂಸ ಪಾಂಚೆಂಕೊ 1902ರಲ್ಲಿ ಅದನ್ನು ಕ್ರಿ.ಶ. 650ರದು ಎಂದರು. ಲೆಕ್ಕ ಸರಿಯೇ, 650 ಕೂಡ 8ನೇ ಇಂಡಿಕ್ಷನ್. ಆದರೆ ಮೂರು ಸುತ್ತು ಮುಂದೆ ಹೋದರೆ 694-95, ಅದೂ 8ನೇಯದೇ! ಈಗ ಎಲ್ಲರೂ ಒಪ್ಪುವುದು ಈ ಎರಡನೆಯದನ್ನು. ಆ ವರ್ಷ ಚಕ್ರವರ್ತಿ ಎರಡನೇ ಜಸ್ಟಿನಿಯನ್ ಆಳುತ್ತಿದ್ದ. ‘ಅಪೊ ಹುಪಾತೋನ್’ (ಮಾಜಿ ಕಾನ್ಸಲ್) ಎಂಬ ಗೌರವ ಪದವಿಯ ಜಾರ್ಜ್‌ನ ಇಂಥವೇ ಮುದ್ರೆಗಳು ಏಷ್ಯಾ ಮೈನರಿನ ಬೇರೆ ಪ್ರಾಂತ್ಯಗಳ ಹೆಸರಿನಲ್ಲೂ ಸಿಕ್ಕಿವೆ. ಒಂದರಲ್ಲಿ ಸವೆದ ಅಕ್ಷರವನ್ನು ಇನ್ನೊಂದರಿಂದ ತುಂಬಿಸಿಕೊಳ್ಳಬಹುದು. ಹಾಗೆ ಓದಿದಾಗ ಕಾಣುವುದು ‘ಸ್ಲಾವ್ ಗುಲಾಮರು’. ಅದಕ್ಕೆ ಒಂದೆರಡು ವರ್ಷ ಮುಂಚೆ ಚಕ್ರವರ್ತಿಯ ಸೈನ್ಯದಲ್ಲಿದ್ದ ಸ್ಲಾವ್ ಸೈನಿಕರು ಯುದ್ಧದಲ್ಲಿ ಅರಬರ ಕಡೆ ಸೇರಿಕೊಂಡಿದ್ದರು. ಉಳಿದ ಸ್ಲಾವರನ್ನು ಮಾರಿದರು ಅಂತ ಕೆಲವರ ವಾದ.

ಈ ಅಧಿಕಾರಿಗಳದು ರೇಷ್ಮೆ ವ್ಯಾಪಾರವೋ, ಸೈನ್ಯಕ್ಕೆ ಸರಕು ಒದಗಿಸುವ ಕೆಲಸವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಒಬ್ಬನೇ ಒಂದೇ ವರ್ಷ ಅಷ್ಟು ಪ್ರಾಂತ್ಯ ನೋಡಿಕೊಂಡಿದ್ದಾನೆ ಅಂದರೆ, ನನ್ನ ಕಣ್ಣಿಗೆ ಅವನು ದೊಡ್ಡ ಗುತ್ತಿಗೆದಾರನ ಹಾಗೇ ಕಾಣುತ್ತಾನೆ.

ಒಂದು ಎಚ್ಚರಿಕೆ. ಮುದ್ರೆ ಸಿಕ್ಕ ಊರೇ ಅಧಿಕಾರಿಯ ಊರು ಅಂತ ಸುಮ್ನೆ ಹೇಳಿಬಿಡಬೇಡಿ. ಸೀಸದ ಬಿಲ್ಲೆಯೊಳಗೆ ದಾರ ತೂರಿಸಿ, ಕಬ್ಬಿಣದ ಇಕ್ಕಳದಲ್ಲಿ ಒತ್ತುತ್ತಿದ್ದರು. ಅದು ಪತ್ರದ ಜೊತೆಗೋ ಸರಕಿನ ಜೊತೆಗೋ ಎಲ್ಲಿಗೆ ಬೇಕಾದರೂ ಹೋಗಿರಬಹುದು.

ಇನ್ನು 730-31ರಿಂದಾಚೆಗೆ ಈ ಬಗೆಯ ಮುದ್ರೆಗಳಲ್ಲಿ ಅಧಿಕಾರಿಯ ಹೆಸರಿಲ್ಲದೆ ‘ಚಕ್ರವರ್ತಿಯ ಕೊಮ್ಮೆರ್ಕಿಯಾ’ (ಸುಂಕ) ಅಂತಷ್ಟೇ ಇರುವುದು ಜಾಸ್ತಿ. ಅಂಥದ್ದನ್ನು ತೋರಿಸಿ ಯಾರಿವನು ಎಂದು ಕೇಳಿದರೆ, ಪ್ರಾಂತ್ಯ, ವರ್ಷ ಹೇಳಬಹುದು ಅಷ್ಟೇ.